ಬೆಟ್ಟದಿಂದ ಇಳಿದ ರಕ್ತ

ಹಕ್ಕಿ ನೋಡುವವರು ಅರ್ಧ ಕೆಲಸ ಮಾಡುವುದು ಕಿವಿಯಿಂದ. ಆಂಧ್ರದ ಅರಕು ಕಣಿವೆಯಲ್ಲಿ ಡಿಸೆಂಬರ್ ತಿಂಗಳ ಬೆಳಗಿನ ಜಾವ ಮಂಜು ಎಷ್ಟು ದಟ್ಟವಾಗಿರುತ್ತದೆಂದರೆ ಹತ್ತು ಹೆಜ್ಜೆ ಆಚೆಯ ಸಿಲ್ವರ್ ಓಕ್ ಮರ ಕಾಣುವುದಿಲ್ಲ. ಹಳ್ಳದ ಕಡೆಯಿಂದ ಸಿಳ್ಳಾರ ಹಕ್ಕಿಯ ಸಿಳ್ಳೆ ಮಾತ್ರ ಕೇಳಿಸುತ್ತದೆ. ಸ್ವರ ಏರಿದರೆ ಒಂದು ಅರ್ಥ, ಇಳಿದರೆ ಇನ್ನೊಂದು. ಹತ್ತಾರು ಬೆಳಗು ಸುಮ್ಮನೆ ಕೂತು ಕೇಳಿದ ಮೇಲೆ, ಕಣ್ಣಿಗೆ ಏನೂ ಕಾಣದಿದ್ದರೂ ಹಳ್ಳದಲ್ಲಿ ಏನು ನಡೆಯುತ್ತಿದೆ ಎಂದು ಗೊತ್ತಾಗತೊಡಗುತ್ತದೆ.

ಈ ಅಭ್ಯಾಸ ಆಪರೇಷನ್ ಥಿಯೇಟರಿನಲ್ಲಿ ನೆನಪಾದೀತು ಎಂದುಕೊಂಡಿರಲಿಲ್ಲ. ವಿಶಾಖಪಟ್ಟಣದ ಒಂದು ಆಸ್ಪತ್ರೆಯಲ್ಲಿ, ಹಸಿರು ಬಟ್ಟೆ ತೊಟ್ಟು, ಮೂಗು ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ನಿಂತಿದ್ದೆ. ನನ್ನ ಪಕ್ಕದಲ್ಲಿದ್ದವರು ಮತ್ತಿನ ಡಾಕ್ಟರು. ತೆಲುಗಿನಲ್ಲೂ ಅದೇ ಮಾತು, ‘ಮತ್ತು ಡಾಕ್ಟರ್’. ಅವರು ಧಾರವಾಡದವರು, ಭಾನುವಾರ ನನ್ನ ಜೊತೆ ಕಾಡಿಗೆ ಬರುವವರು. ನಾನು ಪರದೆಯ ಮೇಲಿನ ಬಣ್ಣಬಣ್ಣದ ಗೆರೆಗಳನ್ನು ನೋಡುತ್ತಿದ್ದೆ. ಅವರು ಮೆಲ್ಲಗೆ ಅಂದರು: "ನೋಡಬ್ಯಾಡ್ರಿ. ಬರೇ ಕೇಳ್ರಿ."

ಕೇಳಿದೆ. ರೋಗಿಯ ಬೆರಳಿಗೆ ಸಿಕ್ಕಿಸಿದ ಪುಟ್ಟ ಕ್ಲಿಪ್ಪಿನ ಯಂತ್ರ ಪ್ರತಿ ನಾಡಿ ಬಡಿತಕ್ಕೂ ಒಂದು ಸ್ವರ ಹೊರಡಿಸುತ್ತಿತ್ತು. ರಕ್ತದಲ್ಲಿ ಆಮ್ಲಜನಕ ತುಂಬಿರುವಾಗ ಆ ಸ್ವರ ಎತ್ತರದಲ್ಲಿರುತ್ತದೆ. ಕಡಿಮೆಯಾದಂತೆ ಸ್ವರವೂ ಕೆಳಕ್ಕಿಳಿಯುತ್ತದೆ. ಡಾಕ್ಟರು ಔಷಧ ಎಳೆಯುತ್ತಿರಲಿ, ಬೆನ್ನು ತಿರುಗಿಸಿ ಮಾತಾಡುತ್ತಿರಲಿ, ಒಂದು ಮೆಟ್ಟಿಲು ಇಳಿದ ಕೂಡಲೇ ಅವರ ಕತ್ತು ತಾನಾಗಿ ಹೊರಳುತ್ತದೆ. ಜಪಾನಿನ ತಕುವೊ ಅಯೊಯಾಗಿ ಎಂಬ ಎಂಜಿನಿಯರ್ 1974ರಲ್ಲಿ ಇದರ ಮೂಲತತ್ವವನ್ನು ಮುಂದಿಟ್ಟ: ಮೈಯ ತೆಳು ಭಾಗವೊಂದರ ಮೂಲಕ ಎರಡು ಬಗೆಯ ಬೆಳಕು ಹಾಯಿಸಿ, ನಾಡಿಯ ಜೊತೆ ಏರಿಳಿಯುವ ಭಾಗವನ್ನಷ್ಟೇ ಅಳೆದರೆ ರಕ್ತದ ಆಮ್ಲಜನಕ ಎಷ್ಟೆಂದು ಸೂಜಿ ಚುಚ್ಚದೆ ತಿಳಿಯುತ್ತದೆ. ಅದಕ್ಕೂ ಮೊದಲು ವೈದ್ಯರು ತುಟಿ, ಉಗುರು ನೀಲಿಗಟ್ಟಿತೇ ಎಂದು ನೋಡಬೇಕಿತ್ತು. ಮೇಜಿನ ಮೇಲೆ ಮಲಗಿದ್ದ ಈ ಹುಡುಗನಲ್ಲಿ ಆ ಗುರುತು ಕೆಲಸಕ್ಕೆ ಬರುತ್ತಿರಲಿಲ್ಲ. ರಕ್ತವೇ ಕಡಿಮೆ ಇರುವವರ ತುಟಿ ನೀಲಿಗಟ್ಟುವುದು ಬಹಳ ತಡ; ಅಷ್ಟರಲ್ಲಿ ಆಗಬಾರದ್ದು ಆಗಿ ಹೋಗಿರುತ್ತದೆ.

ಆ ಹುಡುಗ ನನಗೆ ಅರಕಿನ ಕಾಡು ತೋರಿಸಿದವನು. ವಯಸ್ಸು 22. ಎರಡು ಚಳಿಗಾಲ ಅವನ ಹಿಂದೆ ನಡೆದಿದ್ದೇನೆ. ಪಾಡೇರು, ಲಂಬಸಿಂಗಿ, ಚಿಂತಪಲ್ಲಿ ಕಡೆಯ ಹಾದಿಗಳೆಲ್ಲ ಅವನಿಗೆ ಅಂಗೈ ಗೆರೆ. ಲಂಬಸಿಂಗಿಯಲ್ಲಿ ಕೆಲವು ರಾತ್ರಿ ಚಳಿ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಅಂಥ ಬೆಳಗು ಅವನು ಹಳ್ಳಕ್ಕೆ ಇಳಿಯಲು ಒಪ್ಪುತ್ತಿರಲಿಲ್ಲ. "ಆಗಲ್ಲ ಅಣ್ಣಾ, ತಣ್ಣೀರು ತಾಗಿದರೆ ಮೂಳೆ ಒಳಗಿಂದ ಕಚ್ಚುತ್ತೆ" ಎನ್ನುತ್ತಿದ್ದ. ಒಲೆಯ ಮುಂದೆ ಮೊಣಕಾಲು ಒತ್ತಿಕೊಂಡು ಕೂರುತ್ತಿದ್ದ. ಕಣ್ಣಿನ ಬಿಳಿಭಾಗ ಯಾವಾಗಲೂ ತುಸು ಹಳದಿ. ಹಕ್ಕಿಯ ಗರಿಯ ಅಂಚಿನ ಬಣ್ಣ ಬರೆದುಕೊಳ್ಳುವ ನಾನು, ಜೊತೆಗಿದ್ದವನ ಕಣ್ಣಿನ ಬಣ್ಣವನ್ನು ಒಂದು ದಿನವೂ ಬರೆದುಕೊಳ್ಳಲಿಲ್ಲ. ಈಗಲೂ ಅದು ನನ್ನನ್ನು ಚುಚ್ಚುತ್ತದೆ.

ಅವನಿಗೆ ಇದ್ದದ್ದು ಸಿಕಲ್ ಸೆಲ್. ಕುಡುಗೋಲಿನಂತೆ ಬಾಗುವ ರಕ್ತಕಣಗಳ ಕಾಯಿಲೆ.

ಈ ಕಾಯಿಲೆಯನ್ನು ಅರಿಯಬೇಕಾದರೆ ಹಳ್ಳದಿಂದಲೇ ಶುರುಮಾಡಬೇಕು. ಪೂರ್ವಘಟ್ಟದ ಈ ಇಳಿಜಾರುಗಳಲ್ಲಿ ನೀರು ನಿಧಾನ ಹರಿಯುವ, ಅಂಚಿಗೆ ಹುಲ್ಲು ಬಾಗಿರುವ ತೊರೆಗಳು ಹೆಜ್ಜೆಹೆಜ್ಜೆಗೂ ಇವೆ. ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ ಮೊಟ್ಟೆಯಿಡುವುದು ಅಂಥ ಅಂಚಿನಲ್ಲೇ. ಕೊಳೆತ ಚರಂಡಿ ಅದಕ್ಕೆ ಬೇಡ, ತಿಳಿನೀರೇ ಬೇಕು. ಬಗ್ಗಿ ನೋಡಿದರೆ ನೀರಿನ ಮೈಗೆ ಸಮಾನಾಂತರವಾಗಿ ತೇಲುವ ಮರಿಗಳು ಕಾಣುತ್ತವೆ, ಒಣಹುಲ್ಲಿನ ಚೂರಿನಂತೆ. ಈ ಸೊಳ್ಳೆ ಹೊತ್ತು ತರುವ ಮಲೇರಿಯಾ ಸಾವಿರಾರು ವರ್ಷ ಈ ಬೆಟ್ಟದ ಮಕ್ಕಳನ್ನು ಕೊಂದಿದೆ. ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ರೊನಾಲ್ಡ್ ರಾಸ್ ಕಂಡದ್ದು ಸಿಕಂದರಾಬಾದಿನಲ್ಲಿ, 1897ರ ಆಗಸ್ಟ್ 20ರಂದು. ರಕ್ತದ ಕೆಲವು ದೋಷಗಳು ಮಲೇರಿಯಾದಿಂದ ಕಾಪಾಡುವುದರಿಂದಲೇ ಉಳಿದುಕೊಂಡಿರಬಹುದು ಎಂದು ಜೆ.ಬಿ.ಎಸ್. ಹಾಲ್ಡೇನ್ 1949ರಲ್ಲಿ ಊಹಿಸಿದರು. ಮುಂದೆ ಭಾರತಕ್ಕೇ ಬಂದು ನೆಲೆಸಿ, ಭುವನೇಶ್ವರದಲ್ಲಿ 1964ರಲ್ಲಿ ತೀರಿಕೊಂಡರು. ಸಿಕಲ್ ಸೆಲ್ ವಿಷಯದಲ್ಲಿ ಆ ಊಹೆ ನಿಜವೆಂದು 1954ರಲ್ಲಿ ಆಂಥನಿ ಆಲಿಸನ್ ಪೂರ್ವ ಆಫ್ರಿಕಾದ ಜನರಲ್ಲಿ ತೋರಿಸಿದರು. ತಾಯಿ ತಂದೆಯರಲ್ಲಿ ಒಬ್ಬರಿಂದ ಮಾತ್ರ ಈ ಗುಣ ಬಂದರೆ ಮಗು ಮಲೇರಿಯಾದಿಂದ ಬದುಕುಳಿಯುವ ಸಾಧ್ಯತೆ ಹೆಚ್ಚು, ಬೇರೆ ತೊಂದರೆಯೂ ಬಹುತೇಕ ಇಲ್ಲ. ಇಬ್ಬರಿಂದಲೂ ಬಂದರೆ ಕಾಯಿಲೆ.

ಇದು ದೂರದ ಕಥೆಯಲ್ಲ. ಭಾರತದಲ್ಲಿ ಸಿಕಲ್ ಸೆಲ್ ಇದೆಯೆಂದು ವೈದ್ಯಲೋಕಕ್ಕೆ ತಿಳಿದದ್ದು 1952ರಲ್ಲಿ, ನಮ್ಮ ಗಡಿಗೆ ಅಂಟಿದ ನೀಲಗಿರಿಯ ಬುಡಕಟ್ಟು ಜನರ ರಕ್ತ ಪರೀಕ್ಷಿಸಿದ ಲೇಮನ್ ಮತ್ತು ಕಟ್‌ಬುಶ್ ಅವರಿಂದ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ, ಹೆಗ್ಗಡದೇವನಕೋಟೆ ಕಡೆಯ ಜೇನುಕುರುಬರಲ್ಲಿ ಇದೇ ರಕ್ತ ಹರಿಯುತ್ತಿದೆ. ನಾಗರಹೊಳೆಯ ಹುಲಿಯ ಬಗ್ಗೆ ಪುಟಗಟ್ಟಲೆ ಬರೆಯುವ ನಾವು, ಆ ಕಾಡಿನ ಮನುಷ್ಯರ ರಕ್ತದ ಬಗ್ಗೆ ಬರೆದದ್ದು ತೀರ ಕಡಿಮೆ.

ಇನ್ನು ಕಣದ ವಿಷಯ. ಆರೋಗ್ಯವಂತರ ಕೆಂಪು ರಕ್ತಕಣ ಮೆತ್ತನೆಯ ಬಿಲ್ಲೆ. ತನಗಿಂತ ಕಿರಿದಾದ ರಕ್ತನಾಳದಲ್ಲೂ ಮಡಚಿಕೊಂಡು ನುಸುಳುತ್ತದೆ. ಸುಮಾರು 120 ದಿನ ಬದುಕುತ್ತದೆ. ಸಿಕಲ್ ಕಾಯಿಲೆಯವರ ಹಿಮೋಗ್ಲೋಬಿನ್ ಸರಪಳಿಯಲ್ಲಿ ಒಂದೇ ಒಂದು ಮಣಿ ಬದಲಾಗಿರುತ್ತದೆ, ಆರನೆಯ ಸ್ಥಾನದ್ದು. ಆಮ್ಲಜನಕ ಇರುವವರೆಗೆ ಯಾವ ವ್ಯತ್ಯಾಸವೂ ಕಾಣದು. ಆಮ್ಲಜನಕ ಬಿಟ್ಟುಕೊಟ್ಟ ಕೂಡಲೇ ಆ ಹಿಮೋಗ್ಲೋಬಿನ್‌ಗಳು ಒಂದಕ್ಕೊಂದು ಅಂಟಿಕೊಂಡು ಕಡ್ಡಿಗಳಾಗುತ್ತವೆ. ಕಣ ಬಿಗಿದು ಬಾಗುತ್ತದೆ. ಮತ್ತೆ ಆಮ್ಲಜನಕ ಸಿಕ್ಕರೆ ಬಿಲ್ಲೆಯಾಗುತ್ತದೆ. ಹೀಗೆ ಬಾಗಿ ನೆಟ್ಟಗಾಗಿ, ಬಾಗಿ ನೆಟ್ಟಗಾಗಿ, ಒಂದು ದಿನ ಬಾಗಿದ್ದು ಬಾಗಿದ ಹಾಗೇ ಉಳಿಯುತ್ತದೆ. ಹತ್ತಿಪ್ಪತ್ತು ದಿನದಲ್ಲಿ ಸಾಯುತ್ತದೆ. ಸತ್ತ ಕಣಗಳ ಹಳದಿ ಬಣ್ಣವೇ ಅವನ ಕಣ್ಣಿನಲ್ಲಿದ್ದದ್ದು. ಅದೇ ಹಳದಿ ಪಿತ್ತಕೋಶದಲ್ಲಿ ಗಟ್ಟಿಯಾಗಿ ಕಲ್ಲಾಗುತ್ತದೆ. ಅವನನ್ನು ಆಪರೇಷನ್ ಮೇಜಿಗೆ ತಂದದ್ದು ಆ ಕಲ್ಲು.

ಕಣ ಬಾಗುವುದಕ್ಕೆ ಏನೇನು ಕಾರಣ ಎಂದು ಡಾಕ್ಟರು ನನಗೆ ಬೆರಳು ಮಡಚಿ ಹೇಳಿದ್ದರು. ಆಮ್ಲಜನಕ ಕಡಿಮೆಯಾಗುವುದು. ಮೈಯ ನೀರು ಒಣಗುವುದು. ಚಳಿ. ರಕ್ತದಲ್ಲಿ ಆಮ್ಲ ಏರುವುದು. ರಕ್ತ ಒಂದು ಕಡೆ ನಿಂತುಬಿಡುವುದು. ಕೇಳುತ್ತ ಹೋದಂತೆ ನನಗೆ ಅನ್ನಿಸಿದ್ದು ಇಷ್ಟೇ: ಇದು ಕಾಯಿಲೆಯ ಪಟ್ಟಿಗಿಂತ ಒಂದು ಜೀವಿಯ ಆವಾಸದ ವಿವರಣೆಯಂತಿದೆ. ಇಷ್ಟು ಬೆಚ್ಚಗಿರಬೇಕು, ಇಷ್ಟು ನೀರಿರಬೇಕು, ಇಷ್ಟು ಗಾಳಿಯಿರಬೇಕು. ಒಂದು ತಪ್ಪಿದರೆ ಈ ಜೀವಿ ಇಲ್ಲಿ ಬಾಳದು. ಸಾಮಾನ್ಯ ಆಪರೇಷನ್ ಥಿಯೇಟರು ಇದರ ಪೂರ್ತಿ ಉಲ್ಟಾ. ರಾತ್ರಿಯಿಂದ ಉಪವಾಸ, ಬಾಯಿಗೆ ನೀರಿಲ್ಲ. ತಣ್ಣನೆಯ ಎಸಿ ಕೋಣೆ, ಮೈಮೇಲೆ ತೆಳು ಬಟ್ಟೆ. ಅರಿವಳಿಕೆ ಕೊಟ್ಟ ಮೊದಲ ಗಂಟೆಯಲ್ಲೇ ಮೈಯೊಳಗಿನ ಬಿಸಿ ಕೈಕಾಲಿಗೆ ಹರಡಿ ಒಂದು ಒಂದೂವರೆ ಡಿಗ್ರಿ ಇಳಿದುಬಿಡುತ್ತದೆ. ನಿದ್ರೆ ಬರಿಸುವಾಗ ಉಸಿರು ನಿಲ್ಲುವ ಕ್ಷಣವೊಂದಿರುತ್ತದೆ. ಲ್ಯಾಪರೋಸ್ಕೋಪಿಗೆ ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬುತ್ತಾರೆ. ಅದು ರಕ್ತಕ್ಕೆ ಸೇರಿ ಆಮ್ಲವನ್ನು ಏರಿಸುತ್ತದೆ. ಆರೋಗ್ಯವಂತರು ಇದನ್ನೆಲ್ಲ ತಡೆದುಕೊಳ್ಳುತ್ತಾರೆ. ಅವನ ರಕ್ತ ತಡೆದುಕೊಳ್ಳುವುದಿಲ್ಲ.

ತಡೆದುಕೊಳ್ಳದೇ ಹೋದದ್ದು ಒಮ್ಮೆ ಆಗಿತ್ತು. ಮೂರು ವರ್ಷದ ಹಿಂದೆ ಬೇರೊಂದು ಊರಿನ ಆಸ್ಪತ್ರೆಯಲ್ಲಿ ಅವನಿಗೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ಊರಿಂದ ರಸ್ತೆಯವರೆಗೆ ಡೋಲಿಯಲ್ಲಿ ಹೊತ್ತು ತಂದಿದ್ದರು, ಎರಡು ಹೆಗಲ ನಡುವೆ ಬಿದಿರು, ಬಿದಿರಿಗೆ ಕಟ್ಟಿದ ಸೀರೆ. ಯಾವ ಊರು ಎಂದು ಯಾರೂ ಕೇಳಲಿಲ್ಲ. ರಕ್ತ ಕಡಿಮೆ ಇದೆ ಎಂದಷ್ಟೇ ಬರೆದುಕೊಂಡರು. ಆಪರೇಷನ್ ಚೆನ್ನಾಗೇ ಆಯಿತು. ಮೂರನೆಯ ದಿನ ಜ್ವರ, ಎದೆನೋವು, ಏದುಸಿರು. ನ್ಯುಮೋನಿಯಾ ಎಂದುಕೊಂಡರು. ಹದಿನೈದು ದಿನ ಸಾವಿನ ಬಾಗಿಲಲ್ಲಿದ್ದು ಹಿಂದಿರುಗಿದ. ಸಿಕಲ್ ಕಾಯಿಲೆಯವರಲ್ಲಿ ಆಪರೇಷನ್ ಆದ ಎರಡು ಮೂರು ದಿನಕ್ಕೆ ಶ್ವಾಸಕೋಶದ ರಕ್ತನಾಳ ಕಟ್ಟಿಕೊಂಡು ಹೀಗಾಗುವುದುಂಟು, ಇದಕ್ಕೆ ಪ್ರತ್ಯೇಕ ಹೆಸರೇ ಇದೆ ಎಂದು ಅವನ ಮನೆಯವರಿಗೆ ತಿಳಿದದ್ದು ಆಮೇಲೆ, ಊರಿನಲ್ಲಿ ನಡೆದ ರಕ್ತ ತಪಾಸಣೆಯ ಶಿಬಿರದಲ್ಲಿ.

ಈ ಸಲ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ "ನಿಂದು ಯಾವ ಊರಪ್ಪಾ?"

ಒಂದು ವಾರ ಮೊದಲೇ ದಾಖಲು ಮಾಡಿಕೊಂಡರು. ಅವನ ಹಿಮೋಗ್ಲೋಬಿನ್ 7ರ ಆಸುಪಾಸಿತ್ತು. ಆಪರೇಷನ್‌ಗೆ ಮೊದಲು ರಕ್ತ ಕೊಟ್ಟು ಅದನ್ನು 10ರ ಹತ್ತಿರ ತಂದರು, ಅದಕ್ಕಿಂತ ಮೇಲಕ್ಕಲ್ಲ. ಹೆಚ್ಚಾದರೆ ರಕ್ತ ಮಂದವಾಗಿ ಅದೇ ತೊಂದರೆ. ಇದರ ಹಿಂದೆ ಎರಡು ಮುಖ್ಯ ಅಧ್ಯಯನಗಳಿವೆ. 1995ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ, 10ರವರೆಗೆ ಏರಿಸಿದರೆ ಸಾಕು, ಬಾಗುವ ರಕ್ತವನ್ನು ಬಹುಮಟ್ಟಿಗೆ ತೆಗೆದು ಬದಲಿಸುವ ದೊಡ್ಡ ಕಸರತ್ತು ಬೇಡ ಎಂದು ತೋರಿಸಿತು. 2013ರ ಇನ್ನೊಂದು ಅಧ್ಯಯನದಲ್ಲಿ ಮೊದಲೇ ರಕ್ತ ಪಡೆಯದವರಲ್ಲಿ ನೂರಕ್ಕೆ 39 ಮಂದಿಗೆ ತೊಡಕುಗಳಾದವು, ಪಡೆದವರಲ್ಲಿ 15 ಮಂದಿಗೆ. ಉಪವಾಸದ ರಾತ್ರಿಯೇ ಡ್ರಿಪ್ ಹಾಕಿದರು. ಈ ಕಾಯಿಲೆಯವರ ಮೂತ್ರಪಿಂಡ ನೀರು ಉಳಿಸಿಕೊಳ್ಳಲಾರದು, ಬೇಗ ಒಣಗುತ್ತಾರೆ. ಆ ದಿನದ ಪಟ್ಟಿಯಲ್ಲಿ ಮೊದಲ ಆಪರೇಷನ್ ಅವನದೇ ಎಂದು ಸರ್ಜನ್ ಹತ್ತಿರ ಒಪ್ಪಿಸಿಟ್ಟಿದ್ದರು.

ನನ್ನ ಪುಸ್ತಕದಲ್ಲಿ ಆ ಬೆಳಗಿನ ಟಿಪ್ಪಣಿ, ಇದ್ದ ಹಾಗೆ:

7.10. ಹೊರಗೆ ನೀರಿನ ಟ್ಯಾಂಕ್ ಮೇಲೆ ಗರುಡ, ಒಂಟಿ. ಸಮುದ್ರದ ಕಡೆ ಮುಖ. ಥಿಯೇಟರಿನ ಎಸಿ ನಿಲ್ಲಿಸಿದ್ದಾರೆ. ಸಿಸ್ಟರ್ ಬೆವರುತ್ತಿದ್ದಾರೆ, ಯಾರೂ ಗೊಣಗುತ್ತಿಲ್ಲ.

7.20. ಹುಡುಗ ಒಳಗೆ ಬಂದ. ಬಿಸಿಗಾಳಿ ತುಂಬುವ ಹೊದಿಕೆ ಹೊದಿಸಿದರು. ಡ್ರಿಪ್ಪಿನ ನಳಿಕೆ ಬಿಸಿ ಮಾಡುವ ಡಬ್ಬಿಯ ಮೂಲಕ ಹಾದು ಬರುತ್ತಿದೆ. ನನ್ನನ್ನು ಗುರುತು ಹಿಡಿದ, ಕಣ್ಣಲ್ಲೇ ನಕ್ಕ.

7.35. ಮುಖಕ್ಕೆ ಮಾಸ್ಕ್. ಬರೀ ಆಮ್ಲಜನಕ. ಡಾಕ್ಟರು ಅವಸರ ಮಾಡುತ್ತಿಲ್ಲ. ಐದು ನಿಮಿಷ ಪೂರ್ತಿ.

7.41. ಹಾಲಿನಂಥ ಬಿಳಿ ಔಷಧ. ಎರಡು ಸಲ ರೆಪ್ಪೆ ಬಡಿದ. ಉಸಿರು ನಿಂತಿತು. ಸ್ವರ ಅದೇ ಎತ್ತರದಲ್ಲಿ.

7.42. ಗಂಟಲಿನೊಳಗೆ ನಳಿಕೆ. ಸ್ವರ ಅದೇ.

8.05. ಹೊಟ್ಟೆಗೆ ಗಾಳಿ ತುಂಬಿದರು, ಕಡಿಮೆ ಒತ್ತಡದಲ್ಲಿ. ಡಾಕ್ಟರು ಯಂತ್ರದ ಉಸಿರಿನ ವೇಗ ಏರಿಸಿ ಇಂಗಾಲದ ಗಾಳಿಯನ್ನು ಹೊರಗೆ ತೊಳೆಯುತ್ತಿದ್ದಾರೆ.

8.20. ಮೈಬಿಸಿ 36.6. ಅವರು ಇದನ್ನು ಐದು ನಿಮಿಷಕ್ಕೊಮ್ಮೆ ನೋಡುತ್ತಾರೆ, ನಾನು ಗೂಡು ನೋಡುವ ಹಾಗೆ.

8.50. ಕಲ್ಲುಗಳು ಹೊರಬಂದವು. ಕಪ್ಪು, ಮೆಣಸಿನ ಕಾಳಿನಷ್ಟು. ಅರಕಿನ ಮೆಣಸೇ ನೆನಪಾಯಿತು.

9.15. ಕಣ್ಣು ಬಿಟ್ಟ. ನಳಿಕೆ ತೆಗೆದರು. ಮತ್ತೆ ಮಾಸ್ಕ್.

ಅಷ್ಟೆ. ನಡುವೆ ಒಂದು ಸಲ ಸ್ವರ ಅರ್ಧ ಮೆಟ್ಟಿಲು ಇಳಿಯಿತು. ಡಾಕ್ಟರು ಕತ್ತು ತಿರುಗಿಸಿ, ಬೆರಳಿನ ಕ್ಲಿಪ್ಪು ಜಾರಿದ್ದನ್ನು ಸರಿಮಾಡಿದರು. ನನ್ನ ಎದೆ ಬಡಿತ ನಿಲ್ಲಲು ಅಷ್ಟು ಸಾಕಾಗಿತ್ತು.

ಉಸಿರನ್ನು ಹೀಗೆ ಕಾಯುವುದರ ಬಗ್ಗೆ ತೆಲುಗು ನಾಡಿನಲ್ಲೇ ಒಂದು ಹಳೆಯ ಜಗಳ ನಡೆದಿತ್ತು. ಹೈದರಾಬಾದಿನಲ್ಲಿ ಎಡ್ವರ್ಡ್ ಲಾರಿ ಎಂಬ ಸರ್ಜನ್, ನಿಜಾಮರ ನೆರವಿನಿಂದ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗ ನಡೆಸಿದ. ಅವನ ವಾದ: ಕ್ಲೋರೋಫಾರ್ಮ್ ಹೃದಯವನ್ನು ನೇರ ನಿಲ್ಲಿಸುವುದಿಲ್ಲ, ಮೊದಲು ನಿಲ್ಲುವುದು ಉಸಿರು, ಆದ್ದರಿಂದ ನಾಡಿ ಬಿಡಿ, ಉಸಿರು ನೋಡಿ. ಆ ಕಾಲದಲ್ಲಿ ಅಲ್ಲಿ ಕ್ಲೋರೋಫಾರ್ಮ್ ಕೊಡುತ್ತಿದ್ದವರಲ್ಲಿ ರೂಪಾಬಾಯಿ ಫರ್ದೂನ್‌ಜಿ ಒಬ್ಬರು, ಜಗತ್ತಿನ ಮೊದಮೊದಲ ಮಹಿಳಾ ಅರಿವಳಿಕೆ ತಜ್ಞೆಯರ ಸಾಲಿಗೆ ಸೇರಿದವರು. ಹೃದಯದ ವಿಷಯದಲ್ಲಿ ಲಾರಿ ತಪ್ಪಿದ್ದ. ಕ್ಲೋರೋಫಾರ್ಮ್ ಹೃದಯದ ಲಯವನ್ನೇ ಕೆಡಿಸಬಲ್ಲದು ಎಂದು ಗುಡ್‌ಮನ್ ಲೆವಿ 1911ರಲ್ಲಿ ತೋರಿಸಿದರು. ಆದರೆ ಉಸಿರಿನ ಮೇಲಿಂದ ಕಣ್ಣು ತೆಗೆಯಬಾರದೆಂಬ ಅವನ ಹಟ ಇವತ್ತಿಗೂ ಸರಿ.

ಆ ಹುಡುಗನನ್ನು ವಾರ್ಡಿಗೆ ಕಳಿಸಲಿಲ್ಲ, ಐಸಿಯುಗೆ ಕೊಂಡೊಯ್ದರು. ಐಸಿಯು ಎಂಬುದೇ ಒಬ್ಬ ಅರಿವಳಿಕೆ ವೈದ್ಯನ ಕಾಣಿಕೆ. 1952ರಲ್ಲಿ ಕೋಪನ್‌ಹೇಗನ್ನಿನ ಪೋಲಿಯೋ ಹಾವಳಿಯಲ್ಲಿ ಉಸಿರಾಟದ ಸ್ನಾಯು ಸೋತ ಮಕ್ಕಳಿಗೆ ಬ್ಯೋರ್ನ್ ಇಬ್ಸೆನ್ ಗಂಟಲಿನ ಮೂಲಕ ನಳಿಕೆ ಇಟ್ಟು, ರಬ್ಬರ್ ಚೀಲ ಒತ್ತಿ ಗಾಳಿ ಕೊಡಿಸಿದರು. ಸುಮಾರು 1500 ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲು ರಾತ್ರಿ ಕೂತು ಆ ಚೀಲಗಳನ್ನು ಒತ್ತಿದರು. ಒಂದು ಜೀವದ ಪಕ್ಕದಲ್ಲಿ ಒಬ್ಬರು ಎಚ್ಚರವಾಗಿ ಕೂರುವುದು, ಅದೇ ಇದರ ಮೂಲ. ಯಂತ್ರಗಳೆಲ್ಲ ಆಮೇಲೆ ಬಂದವು.

ನಮ್ಮ ಹುಡುಗನ ಕೈಗೆ ಮೂರು ಚೆಂಡಿನ ಪ್ಲಾಸ್ಟಿಕ್ ಉಪಕರಣ ಕೊಟ್ಟರು. ನಳಿಕೆ ಬಾಯಲ್ಲಿಟ್ಟು ಉಸಿರೆಳೆದರೆ ಚೆಂಡುಗಳು ಮೇಲೇಳುತ್ತವೆ. ಆಪರೇಷನ್ ಆದ ಹೊಟ್ಟೆ ನೋಯುವುದರಿಂದ ರೋಗಿ ಮೇಲುಮೇಲೆ ಉಸಿರಾಡುತ್ತಾನೆ, ಶ್ವಾಸಕೋಶದ ತಳ ಮುದುಡುತ್ತದೆ, ಅಲ್ಲಿ ಆಮ್ಲಜನಕ ಹೋಗದೆ ರಕ್ತ ಬಾಗುತ್ತದೆ. ಹಿಂದಿನ ಸಲ ಅವನನ್ನು ಕೆಡವಿದ್ದು ಅದೇ. ನೋವು ತಗ್ಗಿಸುವ ಔಷಧ ತಪ್ಪದೆ ಕೊಡುತ್ತಿದ್ದುದೂ ಅದಕ್ಕೇ, ನೋವಿಲ್ಲದವನು ಮಾತ್ರ ಆಳವಾಗಿ ಉಸಿರಾಡಬಲ್ಲ. ಮೊದಲ ದಿನ ಸಂಜೆ ಒಂದು ಚೆಂಡು ಅರ್ಧಕ್ಕೆದ್ದು ಬಿತ್ತು. ಎರಡನೆಯ ದಿನ ಬೆಳಿಗ್ಗೆ ಒಂದು ಪೂರ್ತಿ. ಸಂಜೆಗೆ ಎರಡನೆಯದು ನಡುಗುತ್ತ ಎದ್ದಿತು. ನಾನು ಗಾಜಿನ ಆಚೆ ನಿಂತು ಬರೆದುಕೊಂಡೆ. ಆರ್‌ಕೆ ಬೀಚಿನಲ್ಲಿ ರಾತ್ರಿ ಕಡಲಾಮೆ ಮೊಟ್ಟೆಯಿಡುವುದನ್ನು ಕಾದವರಿಗೆ ಈ ಕಾಯುವಿಕೆ ಗೊತ್ತು: ಕೈ ಹಾಕುವಂತಿಲ್ಲ, ಬಿಟ್ಟು ಹೋಗುವಂತಿಲ್ಲ.

ಪಕ್ಕದ ಹಾಸಿಗೆಯಲ್ಲಿ ಇನ್ನೊಬ್ಬರಿದ್ದರು, ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಕಡೆಯ ರೈತರು. ಕವಿಟಿ, ಸೋಂಪೇಟ, ಪಲಾಸ, ಮಂದಸದ ಆ ಕರಾವಳಿ ಪಟ್ಟಿಯನ್ನು ನೋಡಿದವರು ಮರೆಯಲಾರರು. ತೆಂಗು, ಗೇರು, ಹಲಸು ಹೆಣೆದುಕೊಂಡ ತಂಪು ನೆಲ. ಉದ್ಯಾನ ಎಂಬುದರಿಂದಲೇ ಆ ಹೆಸರು. ಅದೇ ನೆಲದಲ್ಲಿ ಸಕ್ಕರೆ ಕಾಯಿಲೆಯಿಲ್ಲದ, ರಕ್ತದೊತ್ತಡವಿಲ್ಲದ, ದುಡಿಯುವ ಗಂಡಸರ ಮೂತ್ರಪಿಂಡಗಳು ದಶಕಗಳಿಂದ ಸೋಲುತ್ತಿವೆ. ನೀರು, ಬಿಸಿಲಲ್ಲಿ ದುಡಿದು ಒಣಗುವುದು, ಕೀಟನಾಶಕ ಎಂದು ಹಲವು ಅನುಮಾನಗಳಿವೆ, ಒಂದೂ ಖಚಿತವಾಗಿಲ್ಲ. ಪಲಾಸದಲ್ಲಿ 2023ರ ಡಿಸೆಂಬರಿನಲ್ಲಿ ಮೂತ್ರಪಿಂಡ ಸಂಶೋಧನೆಗೆಂದೇ 200 ಹಾಸಿಗೆಯ ಆಸ್ಪತ್ರೆ ಶುರುವಾಯಿತು. ಡಯಾಲಿಸಿಸ್‌ಗೆ ಬೇಕಾದ ಫಿಸ್ಟುಲಾ, ಅಂದರೆ ಮಣಿಕಟ್ಟಿನಲ್ಲಿ ಅಪಧಮನಿ ಅಭಿಧಮನಿ ಎರಡನ್ನೂ ಹೊಲಿದು ಕೂಡಿಸಿದ ಜಾಗವನ್ನು ಅವರು ನನಗೆ ಮುಟ್ಟಿ ನೋಡಲು ಹೇಳಿದರು. ಬೆರಳ ತುದಿಗೆ ಝರಿಯೊಂದು ಕಲ್ಲಿನ ಸಂದಿಯಲ್ಲಿ ನುಗ್ಗುವ ಕಂಪನ. ಈ ಸಲ ಅವರು ಬಂದದ್ದು ಹರ್ನಿಯಾ ಆಪರೇಷನ್ನಿಗೆ.

ಅವರ ಮೂತ್ರಪಿಂಡ ಔಷಧವನ್ನು ಹೊರಹಾಕಲಾರದು. ಹಾಗಿದ್ದರೆ ಸ್ನಾಯು ಸಡಿಲಿಸುವ ಔಷಧ ಕೊಡುವುದು ಹೇಗೆ ಎಂದು ಕೇಳಿದೆ. ಡಾಕ್ಟರು ಅಟ್ರಾಕ್ಯೂರಿಯಂ ಎಂದರು. ಅದರ ಚರಿತ್ರೆ ಯಾವ ಸಸ್ಯಶಾಸ್ತ್ರಿಗೂ ಖುಷಿ ಕೊಡುವಂಥದ್ದು. ದಕ್ಷಿಣ ಅಮೆರಿಕದ ಕಾಡಿನವರು ಬಾಣದ ತುದಿಗೆ ಹಚ್ಚುತ್ತಿದ್ದ ಕ್ಯುರಾರೆ ಎಂಬ ಬಳ್ಳಿಯ ವಿಷ 1942ರಲ್ಲಿ ಮಾಂಟ್ರಿಯಲ್ಲಿನ ಥಿಯೇಟರಿಗೆ ಬಂತು. ಅದರ ಜಾಡು ಹಿಡಿದು ಹೋದ ಸ್ಕಾಟ್ಲೆಂಡಿನ ಜಾನ್ ಸ್ಟೆನ್‌ಲೇಕ್, ಲಿಯಾಂಟಿಸ್ ಎಂಬ ಪುಟ್ಟ ಗಿಡದ ಸಾರವೊಂದು ತನ್ನಷ್ಟಕ್ಕೆ ಒಡೆದುಹೋಗುವುದನ್ನು ಗಮನಿಸಿದರು. ಹಾಗೆಯೇ ರಕ್ತದಲ್ಲಿ ತಾನೇ ಒಡೆಯುವ ಔಷಧವನ್ನು ಕಟ್ಟಿದರು. ಮೈಯ ಬಿಸಿ ಮತ್ತು ರಕ್ತದ ಕ್ಷಾರವಷ್ಟೇ ಅದಕ್ಕೆ ಸಾಕು, ಮೂತ್ರಪಿಂಡ ಬೇಡ, ಪಿತ್ತಜನಕಾಂಗವೂ ಬೇಡ. ಒಂದು ಗಿಡದ ಅಸ್ಥಿರತೆ ಉದ್ದಾನಂನ ರೈತನ ಉಸಿರನ್ನು ಮರಳಿ ಕೊಡುತ್ತಿದೆ.

ಇಂಥದೇ ಕಾವಲು ಕಂಡ ಇನ್ನೊಂದು ಊರು ವಿಜಯವಾಡ, ಆದರೆ ಅಲ್ಲಿನ ಕಥೆ ಬೇರೆ. ಅಲ್ಲಿ ನಮ್ಮ ಚಿಕ್ಕಮ್ಮ ಇದ್ದಾರೆ, ಬಳ್ಳಾರಿಯಿಂದ ಮದುವೆಯಾಗಿ ಹೋಗಿ 40 ವರ್ಷ. ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡರು. ಆಪರೇಷನ್‌ಗೆ ಮೊದಲು ಎಕೋ ಮಾಡಿದಾಗ ಹೃದಯದ ಎಡಗಡೆಯ ಕವಾಟ ಕಿರಿದಾಗಿರುವುದು ಗೊತ್ತಾಯಿತು. ನಾಲ್ಕರಿಂದ ಆರು ಚದರ ಸೆಂಟಿಮೀಟರ್ ಇರಬೇಕಾದ ಬಾಗಿಲು ಒಂದಕ್ಕೆ ಇಳಿದಿತ್ತು. ಬಾಲ್ಯದಲ್ಲಿ ಒಂದೇ ಕೋಣೆಯಲ್ಲಿ ಎಂಟು ಮಕ್ಕಳು ಮಲಗುತ್ತಿದ್ದ ಮನೆ, ಗಂಟಲುನೋವು, ಕೀಲುವಾತದ ಜ್ವರ. ಅವರು ಅದನ್ನು ಮರೆತಿದ್ದರು, ಕವಾಟ ಮರೆತಿರಲಿಲ್ಲ.

ಅವರು ಐಸಿಯುನಲ್ಲಿದ್ದ ದಿನಗಳಲ್ಲಿ ಸಂಜೆ ನಾನು ಪ್ರಕಾಶಂ ಬ್ಯಾರೇಜಿನ ಮೇಲೆ ಹೋಗಿ ನಿಲ್ಲುತ್ತಿದ್ದೆ. ನಮ್ಮ ಆಲಮಟ್ಟಿ, ನಾರಾಯಣಪುರ ದಾಟಿ ಬಂದ ಕೃಷ್ಣೆಗೆ ಇದು ಕೊನೆಯ ತಡೆ, 1957ರಲ್ಲಿ ಮುಗಿದದ್ದು, 70 ಗೇಟು. ಕಪ್ಪುಬಿಳಿ ಮಿಂಚುಳ್ಳಿಯೊಂದು ಗೇಟಿನ ಕೆಳಗೆ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತಿತ್ತು. 2024ರ ಸೆಪ್ಟೆಂಬರಿನಲ್ಲಿ ಇಲ್ಲಿಂದ 11 ಲಕ್ಷ ಕ್ಯುಸೆಕ್‌ಗೂ ಮೀರಿ ನೀರು ಹರಿದಿತ್ತು, ಎಪ್ಪತ್ತೂ ಗೇಟು ಎತ್ತಿದ್ದರು. ಆ 70ರಲ್ಲಿ 15 ಮಾತ್ರ ತೆರೆಯುತ್ತವೆ ಎಂದಿದ್ದರೆ? ನೀರು ಹಿಂದಕ್ಕೆ ಏರಿ ಮೇಲಿನ ಊರುಗಳನ್ನು ಮುಳುಗಿಸುತ್ತಿತ್ತು. ಚಿಕ್ಕಮ್ಮನ ಎದೆಯಲ್ಲಿ ಆ ಮೇಲಿನ ಊರು ಶ್ವಾಸಕೋಶ. ನಾಡಿ 70 ಇದ್ದಾಗ ಕವಾಟದ ಮೂಲಕ ರಕ್ತ ಇಳಿಯಲು ಪ್ರತಿ ಬಡಿತಕ್ಕೂ ಸುಮಾರು ಅರ್ಧ ಸೆಕೆಂಡ್ ಸಿಗುತ್ತದೆ. 140ಕ್ಕೆ ಏರಿದರೆ ಅದರ ಅರ್ಧವೂ ಸಿಗುವುದಿಲ್ಲ. ನೋವು, ಭಯ, ಜ್ವರ, ಯಾವುದರಿಂದ ನಾಡಿ ಏರಿದರೂ ಶ್ವಾಸಕೋಶಕ್ಕೆ ನೀರು.

ಅಲ್ಲಿನ ಡಾಕ್ಟರು ಬೆನ್ನಿಗೆ ಕೂದಲಿನಷ್ಟು ಸಣ್ಣ ನಳಿಕೆ ಇಟ್ಟು ಔಷಧವನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟರು, ರಕ್ತದೊತ್ತಡ ಒಮ್ಮೆಲೇ ಕುಸಿಯದ ಹಾಗೆ. ಡ್ರಿಪ್ಪನ್ನೂ ಅಳೆದು ಕೊಟ್ಟರು; ಅರಕಿನ ಹುಡುಗನಿಗೆ ಜೀವ ಉಳಿಸಿದ ನೀರು ಇವರಿಗೆ ಹೆಚ್ಚಾದರೆ ಅಪಾಯ. ನಂತರ ಸ್ಟೂಲ್ ಎಳೆದುಕೊಂಡು ಅವರ ತಲೆಯ ಬಳಿ ಕೂತು, ಕೈ ಹಿಡಿದು, "ಭಯಪಡಕಂಡಿ ಅಮ್ಮಾ" ಎನ್ನುತ್ತ, ಬಳ್ಳಾರಿಯ ಒಗ್ಗರಣೆ ಮಂಡಕ್ಕಿಗೆ ಏನೇನು ಹಾಕುತ್ತೀರಿ ಎಂದು ಕೇಳತೊಡಗಿದರಂತೆ. ಹುರಿಗಡಲೆ ಪುಡಿ ಕೊನೆಗೆ ಹಾಕಬೇಕು ಎಂದು ಚಿಕ್ಕಮ್ಮ ಹೇಳುವಾಗ ನಾಡಿ 68. ಮಾತು ಕೂಡ ಅಲ್ಲಿ ಔಷಧವೇ ಆಗಿತ್ತು, ಅದನ್ನು ನಾನು ಪೂರ್ತಿ ನಂಬುತ್ತೇನೆ. ಹತ್ತನೆಯ ದಿನ ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಿದರು.

ಅರಕಿನ ಹುಡುಗನ ಮೂರನೆಯ ದಿನದ ವಿಷಯ ಹೇಳಿಲ್ಲ. ಆ ಬೆಳಿಗ್ಗೆ ಜ್ವರ ಇರಲಿಲ್ಲ. ಎದೆನೋವಿರಲಿಲ್ಲ. ಚೆಂಡುಗಳಲ್ಲಿ ಎರಡು ಸಲೀಸಾಗಿ ಎದ್ದವು, ಮೂರನೆಯದು ಒಂದು ಕ್ಷಣ ನಿಂತು ಬಿತ್ತು. ಆರನೆಯ ದಿನ ವಿಶಾಖಪಟ್ಟಣದಿಂದ ಕಿರಂಡೂಲ್ ರೈಲು ಹತ್ತಿದ. ಕೊತ್ತವಲಸದಿಂದ ಬೆಟ್ಟ ಏರುವ ಆ ದಾರಿಯಲ್ಲಿ 58 ಸುರಂಗ. ಪ್ರತಿ ಸುರಂಗದಲ್ಲೂ ಬೋಗಿಯ ಮಕ್ಕಳು ಕೂಗಿದರು. ಅವನು ಕಿವಿಯವರೆಗೆ ಶಾಲು ಹೊದ್ದು, ನೀರಿನ ಬಾಟಲಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಜೇಬಿನಲ್ಲಿ ಅವನ ರಕ್ತದ ವಿವರ ಬರೆದ ಕಾರ್ಡ್ ಇತ್ತು.

ಆ ಕಾರ್ಡಿನ ಬಗ್ಗೆ ಓದುಗರಲ್ಲಿ ಒಂದು ಕೇಳಿಕೆ. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನಾ ಅಭಿಯಾನದಲ್ಲಿ 40 ವರ್ಷದವರೆಗಿನ 7 ಕೋಟಿ ಜನರ ರಕ್ತ ಪರೀಕ್ಷಿಸಿ ಕಾರ್ಡ್ ಕೊಡುವ ಗುರಿ ಇಟ್ಟುಕೊಳ್ಳಲಾಯಿತು. ಚಾಮರಾಜನಗರ, ಮೈಸೂರು, ಕೊಡಗಿನ ಹಾಡಿಗಳಲ್ಲಿ ನಿಮಗೆ ಪರಿಚಯದವರಿದ್ದರೆ, ಅಲ್ಲಿ ಪಾಠ ಹೇಳುವವರಾಗಿದ್ದರೆ, ಕಾಫಿ ತೋಟಕ್ಕೆ ಅಲ್ಲಿನವರನ್ನು ಕೆಲಸಕ್ಕೆ ಕರೆಯುವವರಾಗಿದ್ದರೆ, ಪರೀಕ್ಷೆ ಆಗಿದೆಯೇ ಎಂದು ಕೇಳಿ. ಅದಕ್ಕೆ ಬೆರಳ ತುದಿಯ ಒಂದು ಹನಿ ರಕ್ತ ಸಾಕು. ಕಾರ್ಡ್ ಇದ್ದರೆ ಯಾವ ಆಪರೇಷನ್‌ಗೂ ಮೊದಲು, ಎಷ್ಟೇ ಚಿಕ್ಕದಿರಲಿ, ಅದನ್ನು ಮತ್ತಿನ ಡಾಕ್ಟರ ಕೈಗೆ ಕೊಡುವಂತೆ ಹೇಳಿ.